ದಾಲ್ ಮಿಲ್ ಶೆಡ್ಯೂಲಿಂಗ್‌ಗೆ ಎಂಸಿಟಿಎಸ್: 10 ದಿನದ ಲೆಕ್ಕಕ್ಕೆ ಉತ್ತರವೇ ಬರ್ತಿಲ್ಲ

ಕಾಗಿಣಾ_ದಂಡೆ

ಎಲ್ಲರಿಗೂ ನಮಸ್ಕಾರ. ಆಟಗಳಲ್ಲಿ ಬಳಸುವ ಮಾಂಟೆ ಕಾರ್ಲೊ ಟ್ರೀ ಸರ್ಚ್ (ಎಂಸಿಟಿಎಸ್: ಯಾದೃಚ್ಛಿಕವಾಗಿ ಬಹಳ ಸಲ ಆಡಿ ನೋಡಿ, ನಡೆಗಳ ಮರ ಬೆಳೆಸಿ ಒಳ್ಳೆಯ ನಡೆ ಹುಡುಕುವ ವಿಧಾನ) ಅನ್ನು ಕಾರ್ಖಾನೆಯ ಶೆಡ್ಯೂಲಿಂಗ್‌ಗೆ ಹಚ್ಚಿ ನೋಡುವುದು ನನ್ನ ಎಂಟೆಕ್ ಪ್ರಾಜೆಕ್ಟ್. ಕಲಬುರಗಿಯಲ್ಲೇ ಇರುವುದರಿಂದ ತೊಗರಿ ದಾಲ್ ಮಿಲ್ಲನ್ನೇ ಉದಾಹರಣೆಗೆ ಆರಿಸಿಕೊಂಡೆ. ಮಾಹಿತಿ ಹೀಗಿದೆ:

ಒಟ್ಟು 12 ಲಾಟ್. ಕ್ವಿಂಟಲ್ ಲೆಕ್ಕದಲ್ಲಿ 100, 100, 90, 80, 80, 70, 70, 60, 60, 50, 40, 40. ಕೂಡಿದರೆ 840.

ಹಂತಗಳು: ಸ್ವಚ್ಛ ಮಾಡುವ ಯಂತ್ರ 1. ಕಾಳಿನ ಸಿಪ್ಪೆ ಗೀರುವ ಎಮರಿ ರೋಲರ್ 2, ಇಲ್ಲೇ ಎಣ್ಣೆ ಸವರುವುದು. ಆಮೇಲೆ ರಾತ್ರಿಯಿಡೀ ರಾಶಿ ಹಾಕಿ ಬಿಡಬೇಕು. ಮರುದಿನದಿಂದ ಯಾರ್ಡಿನಲ್ಲಿ ಪೂರ್ತಿ ಎರಡು ದಿನದ ಬಿಸಿಲು. ಯಾರ್ಡಿನಲ್ಲಿ ಒಮ್ಮೆಗೆ ಹಿಡಿಯುವುದು 200 ಕ್ವಿಂಟಲ್. ಸಿಪ್ಪೆ ತೆಗೆದು ಒಡೆಯುವ ಯಂತ್ರ 2, ಕೊನೆಗೆ ಗ್ರೇಡಿಂಗ್-ಪಾಲಿಶ್ 1. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಕೆಲಸ. ಕಾಲವನ್ನು 15 ನಿಮಿಷದ ತುಂಡುಗಳಾಗಿ ಇಟ್ಟಿದ್ದೇನೆ, ದಿನಕ್ಕೆ 48. ಕೊನೆಯ ಲಾಟ್ ಆದಷ್ಟು ಬೇಗ ಮುಗಿಯಬೇಕು, ಗುರಿ ಅಷ್ಟೇ.

ತೊಂದರೆ ಎರಡು. ಹೋಲಿಕೆಗೆಂದು ಓಆರ್-ಟೂಲ್ಸ್‌ನ ಸಿಪಿ-ಸ್ಯಾಟ್‌ನಲ್ಲಿ (ನಿರ್ಬಂಧಗಳನ್ನು ಕೊಟ್ಟರೆ ಉತ್ತರ ಹುಡುಕುವ ಸಾಲ್ವರ್ ತಂತ್ರಾಂಶ) ಮಾಡೆಲ್ ಬರೆದು 10 ದಿನದ, ಅಂದರೆ 480 ತುಂಡಿನ ಮಿತಿ ಕೊಟ್ಟರೆ ‘ಇನ್‌ಫೀಸಿಬಲ್’ ಅನ್ನುತ್ತದೆ. ಇತ್ತ ಎಂಸಿಟಿಎಸ್‌ನಲ್ಲಿ ಒಂದು ನಡೆ ಅಂದರೆ ‘ಮುಂದೆ ಯಾವ ಲಾಟಿನ ಯಾವ ಹಂತ’. ಬಹುಮಾನ = ಮುಗಿಯುವ ಸಮಯಕ್ಕೆ ಮೈನಸ್ ಚಿಹ್ನೆ, ಯುಸಿಟಿ (ಮರದಲ್ಲಿ ಮುಂದಿನ ಕೊಂಬೆ ಆರಿಸುವ ಸೂತ್ರ) ಸ್ಥಿರಾಂಕ 1.4, ಸುತ್ತು 20,000. ‘ಬಂದವರಿಗೆ ಮೊದಲು’ ಅನ್ನೋ ಸಾದಾ ನಿಯಮಕ್ಕಿಂತ ಕೆಟ್ಟ ಉತ್ತರ ಬರುತ್ತಿದೆ. ಗೈಡ್ ಸರ್ ಮುಂದೆ ಆಲ್ಫಾಝೀರೊ (ತನ್ನೊಡನೆ ತಾನೇ ಆಡಿ ಆಟ ಕಲಿಯುವ ಎಐ) ಮಾದರಿಗೆ ಹೋಗು ಅಂತಿದ್ದಾರೆ. ನನ್ನ ಹತ್ತಿರ ಇರೋದು 4 ಜಿಬಿ ಜಿಪಿಯುದ ಒಂದು ಲ್ಯಾಪ್‌ಟಾಪ್. ದಾರಿ ತಪ್ಪಿದ್ದು ಎಲ್ಲಿ?

---

ಬೀದರಿ_ಸಾಲ್ವರ್

ಕೋಡ್ ತೆರೆಯುವ ಮೊದಲು ಒಂದು ಕಾಗದ ತಗೊಂಡು ಯಾರ್ಡಿನ ಲೆಕ್ಕ ಹಾಕಿ. 840 ಕ್ವಿಂಟಲ್, ತಲಾ 2 ದಿನ, ಅಂದರೆ 1,680 ಕ್ವಿಂಟಲ್-ದಿನ. ಯಾರ್ಡ್ ದಿನಕ್ಕೆ ಕೊಡುವುದು 200. ಭಾಗಿಸಿದರೆ 8.4, ಅಂದರೆ ಕಡಿಮೆಯೆಂದರೂ 9 ದಿನ. ಮೊದಲ ದಿನ ರೋಲರ್ ಓಡಬೇಕು, ಹಾಗಾಗಿ ಯಾರ್ಡ್ ಶುರುವಾಗುವುದೇ 2ನೇ ದಿನ. 10ನೇ ದಿನದ ಸಂಜೆಗೆ ಕೊನೆಯ ಲಾಟ್ ಒಣಗಿದರೂ ಅದನ್ನು ಒಡೆಯುವುದು 11ನೇ ದಿನ. ನೀವು 10 ದಿನಕ್ಕೆ ಮುಗಿಸು ಅಂದಿರಿ, ಆಗೋದಿಲ್ಲ ಅಂತ ಸಾಲ್ವರ್ ಹೇಳಿತು. ಅದರ ತಪ್ಪೇನಿಲ್ಲ. ಮಿತಿಯನ್ನು 14 ದಿನಕ್ಕೆ, 672 ತುಂಡಿಗೆ ಏರಿಸಿ.

ಮಾಡೆಲ್ ಬಗ್ಗೆಯೂ ಎರಡು ಮಾತು. ರಾತ್ರಿಯ 12 ತಾಸನ್ನು ಕಾಲರೇಖೆಯಿಂದಲೇ ತೆಗೆದುಹಾಕಿದ್ದು ಒಳ್ಳೆಯದು, ಹಾಗೇ ಇರಲಿ. ಆದರೆ ‘ರೋಲರ್ ಯಾವ ದಿನ ಮುಗಿಯಿತು’ ಅಂತ ಕಂಡುಹಿಡಿಯಲು 48ರಿಂದ ಭಾಗಿಸುತ್ತಿದ್ದರೆ ಅಲ್ಲೊಂದು ಹಳೇ ಗುಂಡಿ ಇದೆ. ಮುಗಿತಾಯ ಸರಿಯಾಗಿ 48 ಇದ್ದಾಗ, ಅಂದರೆ ಮೊದಲ ದಿನ ರಾತ್ರಿ 8ಕ್ಕೆ ಮುಗಿದಾಗ, ಭಾಗಲಬ್ಧ 1 ಬರುತ್ತದೆ. ಮಾಡೆಲ್ ಅದನ್ನು ಎರಡನೇ ದಿನದ ಕೆಲಸ ಅಂದುಕೊಂಡು ಲಾಟನ್ನು ಸುಮ್ಮನೆ ಒಂದು ದಿನ ಕಾಯಿಸುತ್ತದೆ. ಭಾಗಾಕಾರವೇ ಬೇಡ. ಯಾರ್ಡಿಗೆ ಹಾಕುವ ದಿನವನ್ನು ‘ಗ’ ಅಂತ 0ಯಿಂದ ಎಣಿಸುವ ಪೂರ್ಣಾಂಕ ಮಾಡಿ, ಎರಡು ಅಸಮಾನತೆ ಬರೆಯಿರಿ: 48×ಗ ≥ ರೋಲರ್ ಮುಗಿತಾಯ, ಒಡೆಯುವ ಆರಂಭ ≥ 48×(ಗ+2). ಯಾರ್ಡಿನ ಆಡ್-ಕ್ಯುಮುಲೇಟಿವ್ ನಿರ್ಬಂಧವನ್ನು (ಒಮ್ಮೆಗೆ ಆಗುವ ಒಟ್ಟು ಬಳಕೆ ಸಾಮರ್ಥ್ಯ ಮೀರದಂತೆ ನೋಡುವುದು) ದಿನದ ಅಳತೆಯಲ್ಲೇ ಹಾಕಿ: ಉದ್ದ 2, ಬೇಡಿಕೆ ಕ್ವಿಂಟಲ್, ಸಾಮರ್ಥ್ಯ 200. ಅದಕ್ಕೆ 15 ನಿಮಿಷದ ತುಂಡು ಬೇಕಾಗಿಲ್ಲ.

ರೋಲರ್ ಎರಡೂ ಒಂದೇ ತರಹದ್ದಾದರೆ ಲಾಟಿಗೊಂದು ‘ಯಾವ ಯಂತ್ರ’ ಅನ್ನೋ ಬೂಲಿಯನ್ (ಹೌದು-ಇಲ್ಲ ಚರ) ಕೊಡಬೇಡಿ. ಸಾಮರ್ಥ್ಯ 2 ಇರುವ ಕ್ಯುಮುಲೇಟಿವ್ ಸಾಕು, ಯಂತ್ರಗಳನ್ನು ಆಮೇಲೆ ಹಂಚಿಕೊಳ್ಳಬಹುದು. ಬೂಲಿಯನ್ ಕೊಟ್ಟರೆ ಎರಡು ರೋಲರ್‌ಗಳ ಹೆಸರು ಅದಲುಬದಲಾದ ಒಂದೇ ಉತ್ತರವನ್ನು ಸಾಲ್ವರ್ ಮತ್ತೆ ಮತ್ತೆ ಹುಡುಕುತ್ತದೆ. ತಳಿಯಿಂದ ತಳಿಗೆ ಯಂತ್ರ ತೊಳೆಯುವ ಸಮಯ ಬೇರೆ ಬೇರೆ ಅಂತಾದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ.

---

ಆಡು_ಹುಲಿ_23ಮನೆ

ಬೀದರಿ ಸರ್ ಹೇಳಿದ ದಾರಿ ಸರಿ, 9 ಮಾತ್ರ ಸ್ವಲ್ಪ ಸಡಿಲ. ಯಾರ್ಡಿಗೆ 10 ದಿನವೇ ಬೇಕು. 9 ದಿನದಲ್ಲಿ ಹಾಕಲು ಸಿಗುವ ಬೆಳಿಗ್ಗೆಗಳು 8, ಯಾಕೆಂದರೆ ಒಂಬತ್ತನೆಯ ಬೆಳಿಗ್ಗೆ ಹಾಕಿದ್ದು ಹತ್ತನೆಯ ದಿನಕ್ಕೆ ದಾಟುತ್ತದೆ. ಪಕ್ಕಪಕ್ಕದ ಎರಡು ಬೆಳಿಗ್ಗೆ ಹಾಕಿದ ಮಾಲು ಒಂದು ದಿನ ಒಟ್ಟಿಗೇ ಯಾರ್ಡಿನಲ್ಲಿ ಇರುತ್ತದೆ, ಆದ್ದರಿಂದ ಅವೆರಡರ ಮೊತ್ತ 200 ಮೀರುವಂತಿಲ್ಲ. ಇಂಥ ಜೋಡಿ ನಾಲ್ಕು, ಹೆಚ್ಚೆಂದರೆ 800. ನಿಮ್ಮದು 840. ಆ 40 ಕ್ವಿಂಟಲ್ ಹತ್ತನೇ ದಿನವನ್ನು ಕೇಳುತ್ತದೆ. ಹಾಗಾಗಿ ಯಾರ್ಡ್ 2ರಿಂದ 11ನೇ ದಿನ, ಕೊನೆಯ ಒಡೆತ 12ನೇ ದಿನ.

ಈಗ ಎಂಸಿಟಿಎಸ್. ನಿಮ್ಮ ಬಹುಮಾನದ ಅಳತೆಯೇ ಮೊದಲ ರೋಗ. ಯುಸಿಟಿ ಸೂತ್ರವನ್ನು ಕೋಚಿಶ್ ಮತ್ತು ಸೆಪೆಶ್ವಾರಿ 2006ರಲ್ಲಿ ಕೊಟ್ಟಾಗ ಬಹುಮಾನ 0 ಮತ್ತು 1ರ ನಡುವೆ ಇರುತ್ತದೆ ಅನ್ನೋದು ಷರತ್ತು. ಆಟದಲ್ಲಿ ಗೆದ್ದರೆ 1, ಸೋತರೆ 0, ಅಲ್ಲಿಗೆ ಸರಿ. ತಾಯಿ ನೋಡ್ (ಮರದ ಕವಲು ಬಿಂದು) 100 ಸಲ, ಮಗು ನೋಡ್ 10 ಸಲ ನೋಡಿದ್ದಾಗ ಅನ್ವೇಷಣೆಯ ಪದ (ಕಡಿಮೆ ನೋಡಿದ ಕೊಂಬೆಗೆ ಸಿಗುವ ಹೆಚ್ಚುವರಿ ಅಂಕ) 1.4 × √(4.6/10), ಸುಮಾರು 0.95; 4.6 ಅಂದರೆ 100ರ ಸ್ವಾಭಾವಿಕ ಲಾಗರಿದಮ್. ನಿಮ್ಮ ಶೆಡ್ಯೂಲುಗಳ ನಡುವಿನ ಅಂತರ 20, 30 ತುಂಡು. ಮೂವತ್ತರ ಮುಂದೆ 0.95 ಏನು ಮಾಡೀತು? ಮೊದಲು ಕಣ್ಣಿಗೆ ಬಿದ್ದ ಒಳ್ಳೆಯ ಕೊಂಬೆಗೆ ಜೋತುಬಿದ್ದು ಅಲ್ಲೇ ಉಳಿಯುತ್ತದೆ. ಬಹುಮಾನವನ್ನು (ಮೇಲ್ಮಿತಿ − ಸಮಯ) / (ಮೇಲ್ಮಿತಿ − ಕೆಳಮಿತಿ) ಮಾಡಿ. ಕೆಳಮಿತಿ 11 ದಿನ, 528 ತುಂಡು, ಅದಕ್ಕೆ ಅತಿ ಚಿಕ್ಕ ಲಾಟಿನ ಒಡೆತ-ಪಾಲಿಶ್ ಸಮಯ ಸೇರಿಸಿ. ಮೇಲ್ಮಿತಿಗೆ ನೂರು ಯಾದೃಚ್ಛಿಕ ಓಟಗಳಲ್ಲಿ ಸಿಕ್ಕ ಅತಿ ಕೆಟ್ಟದ್ದು.

ಎರಡನೆಯದು ಮರದ ಆಳ. 12 ಲಾಟ್, ಯಾರ್ಡ್ ಸೇರಿ 5 ಹಂತ, ಅಂದರೆ ಎಲೆ ಮುಟ್ಟಲು 60 ನಡೆ. ಮೊದಲ ಕೆಲವು ಮಟ್ಟಗಳಲ್ಲಿ ಸುಮಾರು 12 ಕವಲು. 12ರ ನಾಲ್ಕನೇ ಘಾತವೇ 20,736. ನಿಮ್ಮ 20,000 ಸುತ್ತು ನಾಲ್ಕನೇ ನಡೆಯ ಹತ್ತಿರವೇ ಕರಗಿತು, ಉಳಿದ 56 ನಡೆಯೂ ಕಣ್ಣುಮುಚ್ಚಿ ಆಡಿದ್ದು. ಸಾಲದ್ದಕ್ಕೆ, ಎರಡು ಸ್ವತಂತ್ರ ಕೆಲಸಗಳಲ್ಲಿ ಯಾವುದನ್ನು ಮೊದಲು ‘ಆಡಿದರೂ’ ಶೆಡ್ಯೂಲ್ ಅದೇ, ಮರದಲ್ಲಿ ಮಾತ್ರ ಎರಡು ಬೇರೆ ನೋಡ್. ಅರ್ಧ ಶ್ರಮ ಅವಳಿ ನೋಡುಗಳಿಗೇ ಹೋಗುತ್ತದೆ.

ಅಡಚಣೆ ಯಾರ್ಡು ಅಂತ ಮೇಲಿನ ಲೆಕ್ಕವೇ ಹೇಳಿತಲ್ಲ, ನಡೆಯನ್ನೂ ಅಲ್ಲೇ ಇಡಿ: ‘ಇವತ್ತು ಬೆಳಿಗ್ಗೆ ಯಾವ ಯಾವ ಲಾಟ್ ಹರವುವುದು’. ಆಳ 60ರಿಂದ ಹತ್ತರ ಆಸುಪಾಸಿಗೆ ಇಳಿಯುತ್ತದೆ. ನಾಲ್ಕು ಲಾಟಿನವರೆಗಿನ ಗುಂಪುಗಳನ್ನೆಲ್ಲ ಎಣಿಸಿದರೂ, ಖಾಲಿ ಬಿಡುವುದೂ ಸೇರಿ, ಮೊದಲ ಬೆಳಿಗ್ಗೆಗೆ 794. ಜಾಗಕ್ಕೆ ಹಿಡಿಸದವು ಬಿದ್ದುಹೋದರೆ ಇನ್ನೂ ಕಡಿಮೆ. ಮಿಕ್ಕ ಯಂತ್ರಗಳನ್ನು ಸರಳ ನಿಯಮದಿಂದ ತುಂಬಿಸಿ. ಒಂದು ಎಚ್ಚರಿಕೆ: ‘ಜಾಗ ಇದ್ದರೆ ಹಾಕಲೇಬೇಕು’ ಅನ್ನುವ ನಿಯಮ ಬರೆಯಬೇಡಿ. ಯಂತ್ರವನ್ನು ಎಂದೂ ಸುಮ್ಮನೆ ಬಿಡದ ಶೆಡ್ಯೂಲುಗಳ ಗುಂಪಿನಲ್ಲಿ ಅತ್ಯುತ್ತಮ ಉತ್ತರ ಇರಲೇಬೇಕೆಂದಿಲ್ಲ. ಗಿಫ್ಲರ್ ಮತ್ತು ಥಾಂಪ್ಸನ್ 1960ರಲ್ಲಿ ‘ಸಕ್ರಿಯ’ ಶೆಡ್ಯೂಲುಗಳನ್ನೇ (ಬೇರೆ ಯಾವುದನ್ನೂ ತಡಮಾಡದೆ ಯಾವ ಕೆಲಸವನ್ನೂ ಇನ್ನೂ ಮುಂಚೆ ಮಾಡಲಾಗದಂಥವು) ಎಣಿಸುವ ವಿಧಾನ ಬರೆದದ್ದಕ್ಕೆ ಇಲ್ಲಿ ಬೆಲೆ ಬರುತ್ತದೆ. ಖಾಲಿ ಬಿಡುವುದೂ ಒಂದು ನಡೆಯೇ.

---

ಗಂಜ್_ಗುಮಾಸ್ತ

ಲೆಕ್ಕ ಎಲ್ಲಾ ಛಲೋ ಅದ ರೀ, ಆದ್ರ 200 ಕ್ವಿಂಟಲ್ ಅನ್ನೋದು ಕಾಗದದ ಮ್ಯಾಗ. ಒಂದು ಲಾಟಿಗೂ ಇನ್ನೊಂದು ಲಾಟಿಗೂ ನಡುವ ದಾರಿ ಬಿಡಬೇಕಾಗ್ತದ, ಇಲ್ಲಾಂದ್ರ ಹಮಾಲರು ಮಾಲು ತಿರುವುದು ಹ್ಯಾಂಗ? ಎರಡು ಪಾರ್ಟಿ ಮಾಲು ಕೂಡಿದ್ರ ಜಗಳ ಬ್ಯಾರೆ. ನಾಲ್ಕು ಸಣ್ಣ ಲಾಟ್ ಹಾಕಿದ್ರ ಎರಡು ದೊಡ್ಡ ಲಾಟಿಗಿಂತ ಹೆಚ್ಚು ಜಾಗ ಹೋಗ್ತದ. ನೀವು 170 ಅಂತ ಹಿಡೀರಿ. ಇಲ್ಲಾಂದ್ರ ಲಾಟಿಗಿಷ್ಟು ಅಂತ ದಾರಿಯ ಜಾಗ ಕೂಡಿಸ್ರಿ.

ಇನ್ನೊಂದು. ಒಂದೇ ಸುತ್ತಿಗೆ ಪೂರಾ ಸಿಪ್ಪೆ ಬಿಡೋದಿಲ್ಲ ರೀ. ಸಿಪ್ಪೆ ಬಿಡದ ಕಾಳು ಜರಡಿ ಮ್ಯಾಗ ಉಳೀತದ, ಅದಕ್ಕ ಮತ್ತ ನೀರು ಇಲ್ಲಾ ಎಣ್ಣೆ ಹಚ್ಚಿ ಮತ್ತ ಬಿಸಲಿಗೆ ಹಾಕ್ಬೇಕು. ಎಷ್ಟು ಉಳೀತದ ಅನ್ನೋದು ಕಾಳಿನ ಮ್ಯಾಗ, ರೋಲರಿನ ಸಾಣೆ ಮ್ಯಾಗ. ನಿಮ್ಮ ಮಾಡೆಲ್ಲಿನಾಗ ಮಾಲು ಒಂದೇ ದಿಕ್ಕಿಗೆ ಹೊಂಟದ, ಖರೇ ಮಿಲ್ಲಿನಾಗ ವಾಪಸ್ ಬರ್ತದ. ಬಿಸಲಿಗೆ ಹಾಕಿದ ಮಾಲಿಗೆ ರಾತ್ರಿ ತಾಡಪತ್ರಿ ಹೊಚ್ಚಿ ಅಲ್ಲೇ ಬಿಡ್ತಾರ, ಜಾಗ ಖಾಲಿ ಆಗೋದಿಲ್ಲ ಅನ್ನೋದು ನೀವು ಹಿಡಿದೀರಿ, ಅದು ಬರೋಬ್ಬರಿ.

---

ಬೀದರಿ_ಸಾಲ್ವರ್

ಗುಮಾಸ್ತರೇ, 170 ಅಂತ ಕೇಳಿ ಒಂದೆರಡು ದಿನ ಜಾಸ್ತಿಯಾಗುತ್ತದೆ ಅಂದುಕೊಂಡೆ. ಹಾಕಿ ನೋಡಿದರೆ ಆಗೋದಿಲ್ಲ: 100+70, 100+70, 90+80, 80+50+40, ಮಿಕ್ಕಿದ್ದು 60+60+40, ಅಂದರೆ 160. ಐದು ಗುಂಪು, ತಲಾ 2 ದಿನ, 10 ದಿನವೇ. ಆದರೆ ಈಗ ಎಲ್ಲೂ ಸಡಿಲ ಇಲ್ಲ. ನಾಲ್ಕು ಜೋಡಿ ಬೆಳಿಗ್ಗೆಗಳಲ್ಲಿ 680 ಮಾತ್ರ ಹೋಗುತ್ತದೆ, ಆದ್ದರಿಂದ ಮೊದಲ ಬೆಳಿಗ್ಗೆಯೇ 160 ಕ್ವಿಂಟಲ್ ಯಾರ್ಡಿಗೆ ಬಿದ್ದಿರಬೇಕು. 200 ಇದ್ದಾಗ ಅಲ್ಲಿ 40 ಸಾಕಿತ್ತು. ಮೊದಲ ದಿನ ರೋಲರ್ ಅಷ್ಟು ಗೀರದಿದ್ದರೆ ಇಡೀ ಪಟ್ಟಿ ಒಂದು ದಿನ ಜಾರುತ್ತದೆ.

ವಾಪಸ್ ಬರುವ ಮಾಲನ್ನು ಪ್ರತಿ ಲಾಟಿಗೂ ಇನ್ನೊಂದು ಚಿಕ್ಕ ಯಾರ್ಡ್ ಕೆಲಸ ಅಂತ ಸೇರಿಸಿ. ಉದಾಹರಣೆಗೆ ಶೇ 30 ಮರಳಿ ಬಂದು ಒಂದು ದಿನ ಒಣಗಬೇಕು ಅಂದರೆ 252 ಕ್ವಿಂಟಲ್-ದಿನ ಹೆಚ್ಚು, ಒಟ್ಟು 1,932. ಸಾಮರ್ಥ್ಯ 170 ಇದ್ದರೆ 11.36, ಅಂದರೆ 12 ದಿನ. ಆ ಶೇ 30 ನನ್ನ ಊಹೆ, ನಿಮ್ಮ ಮಿಲ್ಲಿನ ತೂಕದ ಪುಸ್ತಕದಿಂದ ನಿಜವಾದದ್ದು ತಗೊಳ್ಳಿ.

---

ಕಾಗಿಣಾ_ದಂಡೆ

ಎಲ್ಲರಿಗೂ ಧನ್ಯವಾದ. ಮಿತಿ 14 ದಿನ ಮಾಡಿ ಭಾಗಾಕಾರ ತೆಗೆದ ಮೇಲೆ ಸಿಪಿ-ಸ್ಯಾಟ್ ಉತ್ತರ ಕೊಟ್ಟಿತು, ಅತ್ಯುತ್ತಮ ಅಂತ ಸಾಬೀತೂ ಮಾಡಿತು. ಈಗ ಹೊಸ ಚಿಂತೆ: ಅದೇ ಸಾಬೀತು ಮಾಡಿದ ಮೇಲೆ ಎಂಸಿಟಿಎಸ್ ಯಾಕೆ ಬೇಕು ಅಂತ ಪರೀಕ್ಷಕರು ಕೇಳಿದರೆ?

---

ಆಡು_ಹುಲಿ_23ಮನೆ

ಕೇಳೇ ಕೇಳುತ್ತಾರೆ. ಈ ರೂಪದಲ್ಲಿ ಅದು ಬೇಡವೇ ಬೇಡ ಅನ್ನೋದೇ ಪ್ರಾಮಾಣಿಕ ಉತ್ತರ. ಲಾಟುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಮೊದಲು ಹಿಡಿಸಿದ ಗುಂಪಿಗೆ ತುರುಕುವ ಸಾದಾ ನಿಯಮವನ್ನು ನಿಮ್ಮ 200ರ ಯಾರ್ಡಿಗೆ ಹಾಕಿ: 100+100, 90+80, 80+70+50, 70+60+60, 40+40. ಐದು ಗುಂಪು, 10 ದಿನ, ಕೆಳಮಿತಿ ಮುಟ್ಟಿಯೇ ಬಿಟ್ಟಿತು. ಇದಕ್ಕಿಂತ ಜಾಣ ಹಂಚಿಕೆ 100+100, 90+60+50, 80+80+40, 70+70+60, ಕೊನೆಗೆ ಒಂಟಿ 40. ಕೊನೆಯ ದಿನ 80 ಕ್ವಿಂಟಲ್ ಬದಲು 40 ಒಡೆದರೆ ಆಯಿತು. ಜಗತ್ತಿನ ಯಾವ ಎಐ ತಂದರೂ ಗೆಲ್ಲಲು ಉಳಿದಿರೋದು ಆ 40 ಕ್ವಿಂಟಲಿನ ಬಾಲ ಮಾತ್ರ.

ಆಲ್ಫಾಝೀರೊ ಬಗ್ಗೆ: 2017ರ ಆ ಕೆಲಸದಲ್ಲಿ ತನ್ನೊಡನೆ ತಾನು ಆಡಿ ಆಟ ಹುಟ್ಟಿಸಲು 5,000 ಟಿಪಿಯು (ಎಐ ಲೆಕ್ಕಕ್ಕೆಂದೇ ಮಾಡಿದ ಚಿಪ್) ಬಳಸಿದ್ದರು. ಯಂತ್ರದ ಮಾತು ಬಿಟ್ಟರೂ ಮೂಲದಲ್ಲೇ ಒಂದು ತೊಡಕಿದೆ. ಎದುರಾಳಿಯೂ ಜೊತೆಗೇ ಬಲಿಯುತ್ತಾ ಹೋಗುವುದರಿಂದ ಅಲ್ಲಿ ಕಲಿಕೆ ಏರುತ್ತದೆ. ಮಿಲ್ಲಿನಲ್ಲಿ ಎದುರಾಳಿ ಯಾರು? ಒಬ್ಬರೇ ಆಡುವ ಆಟದಲ್ಲಿ ಗೆಲುವು-ಸೋಲು ಅಂತ ಇಲ್ಲ, ‘ನಿನ್ನೆಗಿಂತ ಚೆನ್ನಾಗಿ ಆಡಿದೆನಾ’ ಅಂತ ತನ್ನ ಹಿಂದಿನ ಅಂಕಗಳ ಜೊತೆಗೇ ಹೋಲಿಸಬೇಕು. ರ‍್ಯಾಂಕ್ಡ್ ರಿವಾರ್ಡ್ ಅನ್ನುವ 2018ರ ವಿಧಾನ ಪೆಟ್ಟಿಗೆ ತುಂಬುವ ಸಮಸ್ಯೆಗೆ ಇದನ್ನೇ ಮಾಡಿತು. ನಿಮ್ಮ ಲ್ಯಾಪ್‌ಟಾಪಿಗೆ ನಾನು ಹೇಳುವುದು ರೋಸಿನ್ 2011ರಲ್ಲಿ ಬರೆದ, ಒಳ್ಳೆಯ ಓಟಗಳಿಂದ ನಡೆಗಳ ತೂಕ ತಿದ್ದುತ್ತಾ ಹುಡುಕುವ ಎನ್‌ಆರ್‌ಪಿಎ. ನ್ಯೂರಲ್ ನೆಟ್‌ವರ್ಕ್ ಇಲ್ಲ, ನಡೆಗೊಂದು ತೂಕದ ಪಟ್ಟಿ, ನೂರು ಸಾಲಿನೊಳಗೆ ಕೋಡ್. ಮಟ್ಟ 3, ಪ್ರತಿ ಮಟ್ಟದಲ್ಲಿ 100 ಸುತ್ತು ಅಂದರೆ 10 ಲಕ್ಷ ಓಟ. ಇದು ಸರಾಸರಿಯ ಹಿಂದೆ ಹೋಗದೆ ಸಿಕ್ಕ ಅತ್ಯುತ್ತಮ ನಡೆಗಳ ಸಾಲನ್ನು ಹಿಡಿದುಕೊಳ್ಳುತ್ತದೆ. ಒಬ್ಬರ ಆಟಕ್ಕೆ ಬೇಕಾದದ್ದೂ ಅದೇ.

---

ಚೌಕಾಬಾರ

ಆಡು-ಹುಲಿ ಅಣ್ಣ ಎದುರಾಳಿ ಯಾರು ಅಂದರು. ಎದುರಾಳಿ ಇಲ್ಲ, ಕವಡೆ ಇದೆ. ಆ ಕವಡೆ ಅಂದರೆ ಬಿಸಿಲು.

ಮೋಡ ಬಿದ್ದರೆ ಎರಡು ದಿನದ ಒಣಗಿಕೆ ಮೂರಾಗುತ್ತದೆ. ಇದನ್ನು ಹುಲಿಯಾಟದಂತೆ ‘ಮೋಡ ನನಗೆ ಕೆಟ್ಟದ್ದನ್ನೇ ಬಯಸುತ್ತದೆ’ ಅಂತ ಮಿನಿಮ್ಯಾಕ್ಸ್ ಬರೆದರೆ ದಿನಾ ಮೋಡ ಅಂತಲೇ ಲೆಕ್ಕ ಹಾಕಿ ಯಾರ್ಡ್ ಅರ್ಧ ಖಾಲಿ ಇಡುತ್ತೀರಿ. ಚೌಕಾಬಾರದ ತರಹ ಬರೆಯಿರಿ. ನಾಲ್ಕು ಕವಡೆ, ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತವೆ ಅಂತಿಟ್ಟುಕೊಂಡರೆ 1, 2, 3 ಬೀಳುವುದು 16ರಲ್ಲಿ 4, 6, 4 ಪಾಲು. 4 ಮತ್ತು 8 ತಲಾ ಒಂದು ಪಾಲು. ಸರಾಸರಿ ಎರಡೂವರೆ ಮನೆ. ನಿಜವಾದ ಕವಡೆ ಹಾಗೆ ಸಮನಾಗಿ ಬೀಳುವುದಿಲ್ಲ ಬಿಡಿ. ಮರದಲ್ಲಿ ಒಂದು ಮಟ್ಟ ನಿಮ್ಮ ನಡೆ, ಮುಂದಿನ ಮಟ್ಟ ಕವಡೆ, ಅಲ್ಲಿ ಗರಿಷ್ಠವೂ ಅಲ್ಲ, ಕನಿಷ್ಠವೂ ಅಲ್ಲ, ತೂಕದ ಸರಾಸರಿ. ಪ್ರತಿ ಬೆಳಿಗ್ಗೆ ‘ಯಾವ ಲಾಟ್ ಹರವಲಿ’ ಅನ್ನೋದು ನಡೆ, ಸಂಜೆಯ ಹೊತ್ತಿಗೆ ಆಕಾಶ ಹಾಕಿದ ಕವಡೆ ಗೊತ್ತಾಗುತ್ತದೆ. ಎಂಸಿಟಿಎಸ್‌ಗೆ ನಿಜವಾಗಿ ಕೆಲಸ ಇರುವುದು ಇಲ್ಲಿ. ಪರೀಕ್ಷಕರಿಗೆ ಕೊಡುವ ಉತ್ತರವೂ ಇದೇ.

ಜನ ಸಾಮಾನ್ಯವಾಗಿ ಎಡವುವ ಜಾಗ ಹೇಳುತ್ತೇನೆ. ಪ್ರತಿ ಲಾಟಿಗೂ ಬೇರೆ ಬೇರೆ ಮೋಡ ಉದುರಿಸುತ್ತಾರೆ. ಯಾರ್ಡ್ ಒಂದು, ಆಕಾಶ ಒಂದು. ದಿನಕ್ಕೊಂದೇ ಯಾದೃಚ್ಛಿಕ ಸಂಖ್ಯೆ, ಆ ದಿನ ಹರವಿದ ಎಲ್ಲ ಲಾಟಿಗೂ ಅದೇ. ಬೇರೆ ಬೇರೆ ಉದುರಿಸಿದರೆ ಒಂದರ ನಷ್ಟ ಇನ್ನೊಂದರಲ್ಲಿ ಸರಿಹೋದಂತೆ ಕಾಣುತ್ತದೆ, ನಿಜವಾದ ಅಪಾಯ ಮುಚ್ಚಿಹೋಗುತ್ತದೆ. ಇವತ್ತು ಮೋಡ ಇದ್ದರೆ ನಾಳೆಯೂ ಇರುವ ಸಂಭವ ಹೆಚ್ಚು, ಹಾಗಾಗಿ ಎರಡು ಸ್ಥಿತಿಯ (ಬಿಸಿಲು, ಮೋಡ) ಮಾರ್ಕೊವ್ ಸರಪಳಿ, ಅಂದರೆ ನಾಳೆಯ ಸಂಭವ ಇವತ್ತಿನ ಸ್ಥಿತಿಯನ್ನಷ್ಟೇ ಅವಲಂಬಿಸುವ ಮಾದರಿ, ಸಾಕು. ಹವಾಮಾನ ಇಲಾಖೆಯ ದಿನವಹಿ ಮಳೆಯ ಜಾಲ-ದತ್ತಾಂಶ 0.25 ಡಿಗ್ರಿ ಚೌಕದಲ್ಲಿ ಸಿಗುತ್ತದೆ, ಆದರೆ ಅದೊಂದನ್ನೇ ನಂಬಬೇಡಿ. ಪುಷ್ಯ ಮಾಸದಲ್ಲಿ ಹನಿ ಬೀಳದೆ ದಿನವಿಡೀ ಮುಗಿಲು ಕವಿದಿದ್ದರೂ ಕಾಳು ಒಣಗೋದಿಲ್ಲ. ಬಿಸಿಲಿನ ತಾಸು ಇಲ್ಲವೇ ಗಾಳಿಯ ತೇವಾಂಶ ನೋಡಿ.

ಇನ್ನೊಂದು ಸೂಕ್ಷ್ಮ. ಸಿಪಿ-ಸ್ಯಾಟ್ ಇದೆಯಲ್ಲ ಅಂತ ನೂರು ಹವಾಮಾನದ ಸಾಲು (ದಿನದಿಂದ ದಿನಕ್ಕೆ ಬಿಸಿಲು-ಮೋಡದ ಕ್ರಮ) ಉದುರಿಸಿ, ಪ್ರತಿಯೊಂದನ್ನೂ ಪೂರ್ತಿ ಬಿಡಿಸಿ, ಹೆಚ್ಚು ಸಲ ಬಂದ ಮೊದಲ ನಡೆಯನ್ನು ಆರಿಸುವ ಆಸೆ ಬರುತ್ತದೆ. ಆಗ ಪ್ರತಿ ಓಟದಲ್ಲೂ ಸಾಲ್ವರ್‌ಗೆ ನಾಡಿದ್ದಿನ ಮೋಡ ಇವತ್ತೇ ಗೊತ್ತು. ಅದು ‘ಹೇಗೂ ಮೋಡಕ್ಕೆ ತಕ್ಕಂತೆ ಬದಲಿಸಿಕೊಳ್ಳುತ್ತೇನೆ’ ಅಂದುಕೊಂಡು ಯಾರ್ಡ್ ಬಿಗಿಯಾಗಿ ತುಂಬುತ್ತದೆ. ಬ್ರಿಜ್ ಇಸ್ಪೀಟಿನಲ್ಲಿ ಫ್ರಾಂಕ್ ಮತ್ತು ಬೇಸಿನ್ 1998ರಲ್ಲಿ ಇದೇ ದೋಷವನ್ನು ತೋರಿಸಿದರು: ಬೇರೆ ಬೇರೆ ಲೋಕಗಳಿಗೆ ಬೇರೆ ಬೇರೆ ತಂತ್ರ, ಆದರೆ ಆಡುವವನಿಗೆ ತಾನು ಯಾವ ಲೋಕದಲ್ಲಿದ್ದೇನೆ ಅಂತಲೇ ಗೊತ್ತಿಲ್ಲ.

---

ಕಾಗಿಣಾ_ದಂಡೆ

ಇದು ಸಿಕ್ಕಿತು. ಹಾಗಾದರೆ ಹೋಲಿಕೆಗೆ ಯಾವುದನ್ನು ಇಡಲಿ, ಹವಾಮಾನದ ಎಷ್ಟು ಸಾಲು ಓಡಿಸಲಿ?

---

ಬೀದರಿ_ಸಾಲ್ವರ್

ಮೂರು ಸ್ಪರ್ಧಿಗಳು ಸಾಕು: ದೊಡ್ಡದರಿಂದ ಚಿಕ್ಕದಕ್ಕೆ ತುಂಬುವ ಸಾದಾ ನಿಯಮ, ದಿನಾ ಬೆಳಿಗ್ಗೆ ‘ಇನ್ನು ಮೋಡ ಬರೋದಿಲ್ಲ’ ಅಂತ ನಂಬಿ ಸಿಪಿ-ಸ್ಯಾಟ್‌ನಿಂದ ಹೊಸದಾಗಿ ಬಿಡಿಸುವುದು, ನಿಮ್ಮ ಕವಡೆಯ ಎಂಸಿಟಿಎಸ್. ಎರಡನೆಯವನನ್ನು ಹಗುರಾಗಿ ಎಣಿಸಬೇಡಿ, ಬಹಳಷ್ಟು ಪ್ರಬಂಧಗಳು ಅವನನ್ನು ಹೊರಗಿಟ್ಟೇ ಗೆಲ್ಲುತ್ತವೆ.

ಮೂವರಿಗೂ ಅದೇ ಹವಾಮಾನದ ಸಾಲುಗಳನ್ನೇ ಕೊಡಿ, ವ್ಯತ್ಯಾಸವನ್ನು ಸಾಲಿಗೆ ಸಾಲು ಕಳೆದು ನೋಡಿ. ಆ ವ್ಯತ್ಯಾಸದ ಪ್ರಮಾಣಿತ ವಿಚಲನೆ 12 ತುಂಡು ಇದ್ದು 200 ಸಾಲು ಓಡಿಸಿದರೆ ಸರಾಸರಿಯ ಪ್ರಮಾಣಿತ ದೋಷ 12/√200, ಸುಮಾರು 0.85 ತುಂಡು, ಅಂದರೆ 13 ನಿಮಿಷ. ನೀವು ತೋರಿಸುವ ಲಾಭ ಅದರ ಎರಡು ಪಟ್ಟಿಗಿಂತ ಕಡಿಮೆ ಇದ್ದರೆ ‘ಗೆದ್ದೆ’ ಅಂತ ಬರೆಯಬೇಡಿ. ಹುಡುಕುವಾಗ ಬಳಸಿದ ಸಾಲುಗಳನ್ನೇ ಅಳೆಯಲೂ ಬಳಸಬೇಡಿ, ಬೇರೆ ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಆರಂಭದ ಅಂಕೆ) ಇರಲಿ.

ಸಿಪಿ-ಸ್ಯಾಟ್‌ಗೆ ಒಂದಕ್ಕಿಂತ ಹೆಚ್ಚು ವರ್ಕರ್ (ಜೊತೆಜೊತೆಗೆ ಓಡುವ ಹುಡುಕಾಟದ ಎಳೆ) ಕೊಟ್ಟು ಸಮಯ ಮಿತಿ ಹಾಕಿದರೆ ಸೀಡ್ ಒಂದೇ ಇದ್ದರೂ ಓಟದಿಂದ ಓಟಕ್ಕೆ ಉತ್ತರ ಬದಲಾಗಬಹುದು, ಪಟ್ಟಿಯಲ್ಲಿ ಅದನ್ನು ನಮೂದಿಸಿ. ನಿಮ್ಮ ಕೋಡ್ ಸರಿ ಇದೆಯಾ ಅಂತ ನೋಡಲು ಮೊದಲು ಪಿಎಸ್‌ಪಿ-ಲಿಬ್‌ನ (ಶೆಡ್ಯೂಲಿಂಗ್ ಪರೀಕ್ಷಾ ಸಮಸ್ಯೆಗಳ ಸಂಗ್ರಹ) ಜೆ30 ಗುಂಪು ಓಡಿಸಿ. 480 ಸಮಸ್ಯೆಗಳು, ಎಲ್ಲದಕ್ಕೂ ಅತ್ಯುತ್ತಮ ಉತ್ತರ ಗೊತ್ತಿದೆ. ಅಲ್ಲಿ ಒಂದೇ ಒಂದು ಕಡೆ ನಿಮ್ಮ ಸಂಖ್ಯೆ ಅದಕ್ಕಿಂತ ಚಿಕ್ಕದು ಬಂದರೂ ನಿರ್ಬಂಧ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ.

---

ಗಂಜ್_ಗುಮಾಸ್ತ

ಸಾದಾ ನಿಯಮದಾಗ ದೊಡ್ಡ ಲಾಟ್ ಮೊದಲು ಹಾಕ್ತೀರಲ್ಲ, ಮುಗಿಲು ಮುಚ್ಚಿದ ದಿನ ಅದನ್ನ ಉಲ್ಟಾ ಮಾಡಿ ಒಂದ್ಸಲ ಓಡಿಸ್ರಿ. ಮೋಡ ಇದ್ದಾಗ ಮಿಲ್ಲಿನವರು ಸಣ್ಣ ಲಾಟೇ ಹರವ್ತಾರ, ಹನಿ ಬಿದ್ರ ಲಗೂನ ರಾಶಿ ಮಾಡಿ ಹೊಚ್ಚಲಾಕ ಬರ್ತದ ಅಂತ.